ಹನಿಯಣ್ಣ ಕೂಡಿಸಿದ ಎಲೆಗಳು

ಅವನ ನಿಜವಾದ ಹೆಸರು ಆಸ್ಪತ್ರೆ ಕೊಟ್ಟ ಗುರುತಿನ ಚೀಟಿಯಲ್ಲಿ ಮಾತ್ರ ಇತ್ತು. ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅವನು ಹನಿಯಣ್ಣ. ಪೆಟ್ರೋಲು ಹಾಕಿ ಮುಗಿಸಿದ ಪಂಪಿನವನು ಪೈಪು ಎಳೆದುಕೊಳ್ಳಲು ಬಂದರೆ, "ತಡಿಯಪ್ಪಾ ಮಾರಾಯ, ಇನ್ನೂ ಎರಡು ಹನಿ ಇದೆ" ಎಂದು ಪೈಪಿನ ಮೂತಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಟ್ಯಾಂಕಿಗೆ ಬೀಳಿಸಿಕೊಳ್ಳುವ ಆಸಾಮಿ. ಹಿಂದೆ ನಿಂತ ಗಾಡಿಯವರು ಹಾರನ್ ಹೊಡೆದರೆ ಹೊಡೆದುಕೊಳ್ಳಲಿ, ಅವನಿಗೇನು? ಹನಿ ಹನಿ ಕೂಡಿದರೆ ಹಳ್ಳ ಎಂದು ಅವನು ಗಾದೆಯಾಗಿ ಹೇಳುತ್ತಿರಲಿಲ್ಲ, ಹಾಗೇ ಬದುಕುತ್ತಿದ್ದ.

ಮನೆಯಲ್ಲೂ ಅದೇ ಕಥೆ. ಪೇಸ್ಟಿನ ಟ್ಯೂಬು ಖಾಲಿಯಾಯಿತೆಂದು ಹೆಂಡತಿ ಎಸೆದರೆ ಕಸದ ಬುಟ್ಟಿಯಿಂದ ಎತ್ತಿ, ಕತ್ತರಿಯಿಂದ ಸೀಳಿ, ಇನ್ನೂ ವಾರ ಹಲ್ಲುಜ್ಜುತ್ತಿದ್ದ. ಸವೆದ ಸೋಪಿನ ಚೂರುಗಳನ್ನು ಒತ್ತಿ ಒತ್ತಿ ಬಣ್ಣಬಣ್ಣದ ಹೊಸ ಸೋಪು ಮಾಡುತ್ತಿದ್ದ. "ಇವರು ನನ್ನ ಮದುವೆ ಆಗಿದ್ದೂ ಉಳಿತಾಯಕ್ಕೇ. ಒಬ್ಬರಿಗೆ ಉರಿಯೋ ಲೈಟು ಇಬ್ಬರಿಗಾಗುತ್ತಲ್ಲ" ಎಂದು ಹೆಂಡತಿ ನೆಂಟರ ಮುಂದೆ ನಗಾಡುತ್ತಿದ್ದಳು. ಹಾಗಂತ ಅವನು ಜಿಪುಣ ಎಂದುಕೊಂಡೀರಿ! ಕಷ್ಟ ಎಂದು ಬಂದವರಿಗೆ ಹಿಂದೆಮುಂದೆ ನೋಡದೆ ಕೊಡುವ ಕೈ ಅದು. ಅವನಿಗೆ ಆಗದಿದ್ದುದು ಒಂದೇ, ಇದ್ದದ್ದು ಸುಮ್ಮನೆ ಹಾಳಾಗುವುದು.

ಇದು ಅವನಿಗೆ ಅಪ್ಪನಿಂದ ಬಂದ ಗುಣ. ಅಪ್ಪ ಬಸ್ಸು ಓಡಿಸುತ್ತಿದ್ದವರು. ಮಗನನ್ನು ಇಂಜಿನ್ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, "ನೋಡೋ, ಬ್ರೇಕ್ ತುಳಿಯೋದು ಅಂದ್ರೆ ಸುಟ್ಟ ಡೀಸೆಲ್ಲನ್ನ ರಸ್ತೆಗೆ ಚೆಲ್ಲಿದ ಹಾಗೆ. ಹೋದದ್ದು ಹೋಯ್ತು, ವಾಪಸ್ ಬರಲ್ಲ" ಎನ್ನುತ್ತಿದ್ದರು. ಆ ಮಾತು ಮಗನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಬ್ರೇಕ್ ತುಳಿದಾಗಲೆಲ್ಲ ಅವನ ಹೊಟ್ಟೆ ಚುರ್ರೆನ್ನುತ್ತಿತ್ತು.

ಅವನ ಕೆಲಸ ಇಷ್ಟು: ಕಿಡ್ನಿ ಕೆಟ್ಟವರನ್ನು ಮನೆಯಿಂದ ಕರೆತಂದು ಡಯಾಲಿಸಿಸ್ ವಾರ್ಡಿಗೆ ಬಿಡುವುದು, ರಕ್ತ ಶುದ್ಧವಾದ ಮೇಲೆ ಮತ್ತೆ ಮನೆ ಮುಟ್ಟಿಸುವುದು. ವಾರಕ್ಕೆ ಮೂರು ಸಲ ಆ ಯಂತ್ರದ ಪಕ್ಕ ಮಲಗದಿದ್ದರೆ ಅವರ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಹೋಗುವಾಗ ಊದಿಕೊಂಡು ಹೋಗುವವರು ಬರುವಾಗ ಹಿಂಡಿದ ಬಟ್ಟೆಯ ಹಾಗೆ ಬರುತ್ತಾರೆ. ಹನಿಯಣ್ಣ ಅವರನ್ನು ತೋಳು ಹಿಡಿದು ಹತ್ತಿಸುತ್ತಿದ್ದ, ಬೆಲ್ಟು ಹಾಕುತ್ತಿದ್ದ, ಬಾಗಿಲ ತನಕ ನಡೆಸಿಕೊಂಡು ಹೋಗುತ್ತಿದ್ದ. ಕೆಲಸದಲ್ಲಿ ಬೆರಳು ತೋರಿಸುವ ಹಾಗಿರಲಿಲ್ಲ.

ಕಳೆದ ವರ್ಷ ಆಸ್ಪತ್ರೆಯವರು ಹಳೆಯ ಗಾಡಿಗಳನ್ನು ಮಾರಿ ಹೈಬ್ರಿಡ್ ಕಾರುಗಳನ್ನು ತಂದರು. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು. ತರಬೇತಿ ಕೊಡಲು ಬಂದ ಮೇಡಂ ಶೆಡ್ಡಿನ ಗೋಡೆಗೆ ಬೋರ್ಡು ಒರಗಿಸಿ ಡ್ರೈವರುಗಳಿಗೆಲ್ಲ ಪಾಠ ಮಾಡಿದರು.

"ಸೈಕಲ್ಲಿಗೆ ಡೈನಮೋ ಹಾಕಿದಾಗ ಪೆಡಲ್ ಭಾರ ಆಗ್ತಿತ್ತಲ್ಲ, ನೆನಪಿದೆಯಾ? ಇದೂ ಹಾಗೇನೇ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ತಕ್ಷಣ ಚಕ್ರಗಳೇ ಮೋಟರನ್ನ ತಿರುಗಿಸ್ತವೆ. ಮೋಟರು ಡೈನಮೋ ಆಗಿಬಿಡುತ್ತೆ, ಬ್ಯಾಟರಿಗೆ ಕರೆಂಟು ಕಳಿಸುತ್ತೆ. ಆ ಭಾರಕ್ಕೆ ಗಾಡಿ ನಿಧಾನ ಆಗುತ್ತೆ. ಎಷ್ಟು ಭಾರ ಬೇಕು ಅನ್ನೋದನ್ನ ಸ್ಟೀರಿಂಗ್ ಹಿಂದಿರೋ ಈ ಪುಟ್ಟ ಲಿವರಿನಲ್ಲಿ ನೀವೇ ಆರಿಸ್ಕೋಬಹುದು. ಒಂದಕ್ಕಿಟ್ರೆ ಮೆಲ್ಲಗೆ ಹಿಡಿಯುತ್ತೆ, ಎರಡಕ್ಕಿಟ್ರೆ ಇನ್ನೊಂಚೂರು, ಮೂರಕ್ಕಿಟ್ರೆ ಜೋರಾಗಿ."

ಹನಿಯಣ್ಣ ಎದ್ದು ನಿಂತ. "ಹಾಗಾದ್ರೆ ಚೆಲ್ಲಿದ್ದು ವಾಪಸ್ ಬರುತ್ತಾ ಮೇಡಂ?"

ಮೇಡಂಗೆ ಅವನ ಅಪ್ಪನ ಮಾತು ಹೇಗೆ ಗೊತ್ತಿರಬೇಕು? ಆದರೂ ಅಂದಾಜಿನಲ್ಲಿ, "ಎಲ್ಲಾ ಅಲ್ಲಣ್ಣ, ಒಂದಷ್ಟು ಬರುತ್ತೆ" ಎಂದರು.

ಅಷ್ಟು ಸಾಕಾಯಿತು ಅವನಿಗೆ. ಅಪ್ಪ ಇದ್ದು ಇದನ್ನು ನೋಡಬೇಕಿತ್ತು ಎನಿಸಿತು. ಮೇಡಂ ಬೋರ್ಡಿನ ಮೇಲೆ ಇನ್ನೂ ಏನೇನೋ ಬರೆದು ಹೇಳುತ್ತಲೇ ಇದ್ದರು. ನಮ್ಮ ಹನಿಯಣ್ಣ ಆಗಲೇ ಹೋಗಿ ಗಾಡಿಯಲ್ಲಿ ಕೂತು, ಲಿವರನ್ನು ಮೂರಕ್ಕೆ ತಳ್ಳಿದ್ದ. ಅವತ್ತು ತಳ್ಳಿದ್ದು ತಿಂಗಳುಗಟ್ಟಲೆ ಅಲ್ಲೇ ಇತ್ತು.

ಅದರ ಮೇಲೆ ಇನ್ನೊಂದು ಆಸೆ ಹಚ್ಚುವ ಸಾಮಾನು ಆ ಗಾಡಿಯಲ್ಲಿತ್ತು. ಪ್ರತಿ ಸವಾರಿ ಮುಗಿದಾಗ ಮುಂದಿನ ಪರದೆಯ ಮೇಲೆ ಹಸಿರು ಎಲೆಗಳು ಮೂಡುತ್ತಿದ್ದವು. ಹುಷಾರಾಗಿ ಓಡಿಸಿದಷ್ಟೂ ಎಲೆ ಜಾಸ್ತಿ. ಯಾವ ಪುಣ್ಯಾತ್ಮ ಅದನ್ನು ಕಂಡುಹಿಡಿದನೋ! ನಡುವಯಸ್ಸು ದಾಟಿದ ಗಂಡಸು, ಮದುವೆ ವಯಸ್ಸಿನ ಮಗಳ ಅಪ್ಪ, ಎಲೆ ಎಣಿಸುತ್ತ ಕೂರುವಂತಾಯಿತು. ಕಾಲು ಎತ್ತು, ಇಡು, ಎತ್ತು, ಇಡು. ಊರಿನ ಈ ತುದಿಯಿಂದ ಆ ತುದಿಗೆ ಬ್ರೇಕನ್ನೇ ಮುಟ್ಟದೆ ಹೋಗುವುದನ್ನು ಕಲಿತ. ಕಾಲೆತ್ತಿದರೆ ಗಾಡಿ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ನಿಲ್ಲುತ್ತಿತ್ತು. ಸ್ಟೀರಿಂಗ್ ಹಿಡಿದವನಿಗೆ ಅದು ಗೊತ್ತಾಗುವುದಿಲ್ಲ, ಯಾವಾಗ ಜಗ್ಗುತ್ತದೆಂದು ಅವನ ಕಾಲಿಗೇ ಮೊದಲು ತಿಳಿದಿರುತ್ತದೆ.

ಅತಿ ಹೆಚ್ಚು ಎಲೆ ಕೂಡಿಸಿದವನೆಂದು ಶೆಡ್ಡಿನ ನೋಟಿಸ್ ಬೋರ್ಡಿನಲ್ಲಿ ಅವನ ಫೋಟೋ ಹಾಕಿದರು. ಎರಡು ಕೋಡು ಮೂಡಿದವು ನೋಡಿ. ಉಳಿದ ಡ್ರೈವರುಗಳಿಗೆ ಗುರುವಾದ. ಜೊತೆಯವರಲ್ಲಿ ದಪ್ಪ ಗಾಜಿನ ಕನ್ನಡಕ ಹಾಕುವ ಒಬ್ಬನಿದ್ದ, ಅವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ಅವನಿಗಂತೂ ಹನಿಯಣ್ಣ ಪಕ್ಕದಲ್ಲಿ ನಿಂತು, "ಮೂರಕ್ಕಿಡೋ, ಮೂರಕ್ಕೆ! ಬ್ರೇಕ್ ಮುಟ್ಟಿದ್ರೆ ನನ್ನ ಶಿಷ್ಯ ಅಂತ ಹೇಳ್ಕೋಬೇಡ" ಎಂದು ಕಲಿಸಿಕೊಟ್ಟ.

ಇನ್ನು ಟೈಲರಮ್ಮನ ವಿಷಯ. ಒಂದು ಕಾಲದಲ್ಲಿ ಶಾಲೆ ಮಕ್ಕಳ ಸಮವಸ್ತ್ರದಿಂದ ಹಿಡಿದು ದೊಡ್ಡವರ ಕೋಟಿನ ತನಕ ಹೊಲಿದು ಜೀವನ ಮಾಡಿದವರು. ಈಗ ತಂಗಿಯ ಜೊತೆ ಇದ್ದರು. ಇಬ್ಬರಿಗೂ ಗಂಡ ಇರಲಿಲ್ಲ, ಇಬ್ಬರಿಗೂ ಬಾಯಿ ಇತ್ತು. ತಂಗಿಯದು ಕತ್ತರಿ, ಅಕ್ಕನದು ಅರಳು ಹುರಿದಂಥ ಮಾತು. ಅವರ ಮನೆ ಇದ್ದ ಕಡೆಯಿಂದ ಬೇರೆ ರೋಗಿಗಳಿರಲಿಲ್ಲ, ಹಾಗಾಗಿ ಗಾಡಿಯಲ್ಲಿ ಅವರೊಬ್ಬರೇ. ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಬೀಳುವ ಮೊದಲೇ ಶುರು ಮಾಡುತ್ತಿದ್ದರು.

"ಮೊದಲು ನಾನು ಮಿಷಿನ್ ಓಡಿಸ್ತಿದ್ದೆ, ಈಗ ಮಿಷಿನ್ ನನ್ನ ಓಡಿಸುತ್ತೆ ನೋಡಪ್ಪಾ" ಎನ್ನುತ್ತಿದ್ದರು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರ ಕಥೆ, ಎರಡು ಭುಜ ಸಮ ಇಲ್ಲದ ವಕೀಲನ ಕಥೆ, ಒಂದೇ ಬಟ್ಟೆಗೆ ಜಗಳವಾಡಿ ಕೊನೆಗೆ ಆಳಿಗೊಂದು ತೋಳಿನ ಹಾಗೆ ಹರಿದುಕೊಂಡ ಅವಳಿ ಅಣ್ಣತಮ್ಮಂದಿರ ಕಥೆ. ಹಳೆಯ ಗಾಡಿಯ ಕಾಲದಲ್ಲಿ ಹನಿಯಣ್ಣ ಇದನ್ನೆಲ್ಲ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದ. ಹೆಂಡತಿಗೂ ಬಂದು ಹೇಳುತ್ತಿದ್ದ. ಟೈಲರಮ್ಮನಿಗೂ ವಾರದಲ್ಲಿ ಮೂರು ದಿನ ತಾನು ರೋಗಿ ಎನ್ನುವುದು ಮರೆತುಹೋಗುತ್ತಿದ್ದದ್ದು ಆ ಸವಾರಿಯಲ್ಲೇ.

ಹೊಸ ಗಾಡಿ ಬಂದ ಮೇಲೆ ಅವನ ಕಿವಿ ಗಾಡಿಗೆ, ಕಣ್ಣು ಪರದೆಗೆ. ಟೈಲರಮ್ಮ ಮಾತು ತೆಗೆಯುತ್ತಿದ್ದರು, ಮುಂದೆ ಸಿಗ್ನಲ್ ಕಾಣುತ್ತಿತ್ತು, ಇವನು ಕಾಲು ಎತ್ತುತ್ತಿದ್ದ. ಗಕ್ಕೆಂದು ಅವರ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಮಾತು ಅರ್ಧಕ್ಕೆ ನಿಲ್ಲಿಸಿ ಅವನ ಮುಖ ನೋಡುತ್ತಿದ್ದರು. ಅವನು ಹುಬ್ಬು ಗಂಟಿಕ್ಕಿ ಪರದೆ ನೋಡುತ್ತಿದ್ದ. ಮತ್ತೆ ಶುರು ಮಾಡಿದರೆ ಮತ್ತೆ ಗಕ್. ಇದನ್ನೆಲ್ಲ ಅವನು ಆಮೇಲೆ ನೆನಪಿನಲ್ಲಿ ಹೆಕ್ಕಿ ಹೆಕ್ಕಿ ಜೋಡಿಸಿಕೊಂಡದ್ದು. ಆವಾಗ ಅವನಿಗೆ ಒಂದೂ ಕಂಡಿರಲಿಲ್ಲ.

ಸ್ವಲ್ಪ ದಿನಕ್ಕೆ ಟೈಲರಮ್ಮ ಹಿಂದಿನ ಸೀಟಿಗೆ ಹೋದರು. "ಮುಂದೆ ಬಿಸಿಲು ಹೊಡೆಯುತ್ತಪ್ಪಾ" ಎಂದರು. ಆಮೇಲೆ ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ವಾಪಸ್ ಬರುವಾಗ ಮುಖ ಬಿಳಚಿಕೊಂಡು, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಕೂರುತ್ತಿದ್ದರು. ಡಯಾಲಿಸಿಸ್ ಆದವರಿಗೆ ಹೊಟ್ಟೆ ತೊಳಸುವುದು ಇದ್ದದ್ದೇ ಎಂದು ಇವನು ಕಿಟಕಿ ಇಳಿಸಿಕೊಟ್ಟ. ಒಂದು ದಿನ ಮನೆ ಮುಂದೆ ಇಳಿಯುವಾಗ ಅವರು, "ತಪ್ಪಾಯ್ತಪ್ಪಾ, ಬೇಜಾರು ಮಾಡ್ಕೋಬೇಡ" ಎಂದರು.

"ಅಯ್ಯೋ, ಬಿಡಿ ಅಮ್ಮಾ" ಎಂದ ಇವನು.

ಯಾವ ತಪ್ಪು, ಯಾಕೆ ಬೇಜಾರು ಎಂದು ಕೇಳಬೇಕಿತ್ತೋ ಬೇಡವೋ? ಕೇಳಲಿಲ್ಲ. ಅದೇ ಹೊತ್ತಿಗೆ ಪರದೆಯ ಮೇಲೆ ಎಲೆ ಮೂಡುತ್ತಿದ್ದವು.

ಅದಾದ ಮೇಲೆ ವಾರ್ಡಿನ ನರ್ಸು ಬಂದು, ಟೈಲರಮ್ಮ ಗಾಡಿ ಬೇಡ ಎನ್ನುತ್ತಿದ್ದಾರೆ, ಬಸ್ಸಿನಲ್ಲೇ ಬರುತ್ತಾರಂತೆ ಎಂದು ಹೇಳಿದರು. "ಎರಡು ಬಸ್ ಬದಲಾಯಿಸ್ಬೇಕು. ಆ ಸ್ಥಿತೀಲಿ ಹೇಗೆ ಬರ್ತಾರೆ? ನಿಮಗೇನಾದ್ರೂ ಹೇಳಿದ್ರಾ?"

"ವಯಸ್ಸಾದವರ ಹಠ ಸಿಸ್ಟರ್, ನಾವೇನು ಮಾಡೋಕಾಗುತ್ತೆ" ಎಂದ ಹನಿಯಣ್ಣ.

ಬಾಯಲ್ಲಿ ಹಾಗೆಂದ. ಮನಸ್ಸಿನಲ್ಲಿ ಏನಿತ್ತು ಹೇಳಲೇ? ಟೈಲರಮ್ಮನ ಬೀದಿಯಲ್ಲಿ ಹೆಜ್ಜೆಗೊಂದು ಉಬ್ಬು, ಮೂಲೆಗೊಂದು ತಿರುವು. ಎಲೆ ಉದುರುತ್ತಿದ್ದದ್ದೇ ಆ ಬೀದಿಯಲ್ಲಿ. ಒಳ್ಳೆಯದೇ ಆಯಿತು ಎಂದುಕೊಂಡಿತ್ತು ಅವನ ಮನಸ್ಸು. ಮುಂದೆ ಅವನನ್ನು ಹಗಲೂ ರಾತ್ರಿ ತಿಂದದ್ದು ಇದೊಂದೇ ಯೋಚನೆ. ಕಾಲು ಮಾಡಿದ್ದು ತಿಳಿಯದೆ ಮಾಡಿತು ಎನ್ನಬಹುದು, ಮನಸ್ಸು ಖುಷಿಪಟ್ಟದ್ದಕ್ಕೆ ಏನು ಹೇಳುವುದು?

ಬಸ್ಸು ಹತ್ತಿ ಇಳಿದು ಬರುವ ಶಕ್ತಿ ಟೈಲರಮ್ಮನಿಗಿರಲಿಲ್ಲ. ವಾರಕ್ಕೆ ಮೂರು ಸಲ ಬರಬೇಕಾದವರು ಎರಡು ಸಲ ಬಂದರು, ಆಮೇಲೆ ಒಂದೇ ಸಲ. ನರ್ಸು ಫೋನಿನಲ್ಲಿ ಬೈದರೆ, ನಾಳೆ ಬರ್ತೀನಿ ಎನ್ನುತ್ತಿದ್ದರು.

ಇಲ್ಲಿಗೆ ಹನಿಯಣ್ಣನ ದವಡೆ ಹಲ್ಲು ಕಥೆಯೊಳಗೆ ಬರುತ್ತದೆ. ಬಹಳ ದಿನದಿಂದ ಕಾಡುತ್ತಿದ್ದ ಹಲ್ಲು. ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲೇ ಕೀಳಿಸಿಕೊಂಡ. ಬಾಯಿ ತುಂಬ ಹತ್ತಿ, ಅರ್ಧ ಮುಖ ಜೋಮು. ಗಾಡಿ ಓಡಿಸಬೇಡ ಎಂದರು ಡಾಕ್ಟರು. ಕನ್ನಡಕ, "ಬಾ ಗುರುವೇ, ನಾನು ಬಿಡ್ತೀನಿ. ಇವತ್ತು ನೀನು ಪ್ಯಾಸೆಂಜರು" ಎಂದು ಹಿಂದಿನ ಬಾಗಿಲು ತೆಗೆದ. ಹೊಸ ಗಾಡಿ ಬಂದ ಮೇಲೆ ಹನಿಯಣ್ಣ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು.

ಮೊದಲ ತಿರುವಿನಲ್ಲೇ ಗಕ್ ಎಂದಿತು. ಮುಂದಕ್ಕೆ ಹೋದ ತಲೆ ಹಿಂದಕ್ಕೆ ಬಂದು ಸೀಟಿಗೆ ಬಡಿಯಿತು, ಕಿತ್ತ ಹಲ್ಲಿನ ಗುಂಡಿಯೊಳಗೆ ಜೀವ ಹೋದಂತಾಯಿತು. ಸಾವರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಬಸ್ಸಿನ ಹಿಂದೆ ಒಂದು, ಶಾಲೆ ಮುಂದೆ ಎರಡು. ಹೊಟ್ಟೆಯಲ್ಲಿದ್ದದ್ದೆಲ್ಲ ಗಂಟಲಿಗೆ ಬಂದು ಇಳಿಯಿತು. ಇವನಿಗೇನಾಗಿದೆ? ನನ್ನ ಮೇಲೆ ಏನಾದರೂ ಕೋಪವೇ? ಎಂದುಕೊಂಡ ಹನಿಯಣ್ಣ. ನಾನೇನಾದರೂ ಅಂದೆನೇ? ರಜೆಯ ವಿಷಯಕ್ಕೆ ಮುನಿಸಿಕೊಂಡನೇ? ಮನೆ ತನಕ ಬಿಡುವುದು ಭಾರವಾಯಿತೇ? ಕೇಳೋಣವೆಂದರೆ ಬಾಯಲ್ಲಿ ಹತ್ತಿ. ಮುಂದೆ ಬಾಗಿ ಅವನ ಭುಜ ತಟ್ಟಿದ.

ಕನ್ನಡಕ ತಿರುಗಿ ಹಲ್ಲು ಕಿರಿದ. "ಹೆಂಗೆ ಗುರುವೇ? ಇಲ್ಲೀವರೆಗೂ ಒಂದ್ಸಲಾನೂ ಬ್ರೇಕ್ ಮುಟ್ಟಿಲ್ಲ! ನೀನೇ ಹೇಳ್ಕೊಟ್ಟಿದ್ದು."

ಹನಿಯಣ್ಣ ಅವನ ಭುಜದಿಂದ ಕೈ ತೆಗೆದ. ನನ್ನ ಮೇಲೆ ಕೋಪವೇ ಎಂದು ತಾನು ಈಗ ಕೇಳಿಕೊಂಡದ್ದನ್ನೇ ಇನ್ನೊಬ್ಬರು ಇಂಥದೇ ಸೀಟಿನಲ್ಲಿ ಕೂತು ಎಷ್ಟು ದಿನ ಕೇಳಿಕೊಂಡಿರಬೇಕು! ತಪ್ಪಾಯ್ತಪ್ಪಾ, ಬೇಜಾರು ಮಾಡ್ಕೋಬೇಡ. ಕನ್ನಡಕನಿಗೆ ಸನ್ನೆ ಮಾಡಿ ಗಾಡಿ ನಿಲ್ಲಿಸಿ, ರಸ್ತೆ ಬದಿಯ ಮೋರಿಯ ಹತ್ತಿರ ಕೂತ. ಹತ್ತಿಯೂ ಬಂತು, ರಕ್ತವೂ ಬಂತು, ಬೆಳಗಿನ ತಿಂಡಿಯೂ ಬಂತು.

ಮನೆಗೆ ಬಂದು ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ, "ದೇವರು ದೊಡ್ಡವನು, ಒಂದಿನ ಆದ್ರೂ ನಿಮ್ಮ ಬಾಯಿ ಮುಚ್ಚಿಸಿದ" ಎಂದು ತಮಾಷೆ ಮಾಡಿದಳು. ಅವನ ಕಣ್ಣಲ್ಲಿ ನೀರು ಕಂಡು ಗಾಬರಿಯಾಗಿ, "ಹಲ್ಲು ಅಷ್ಟೊಂದು ನೋಯ್ತಿದೆಯಾ?" ಎಂದಳು. ಅವನು ಹೌದೆಂದು ತಲೆಯಾಡಿಸಿದ. ಹಲ್ಲು ನೋಯುತ್ತಿಲ್ಲ ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ.

ಮಾರನೆಯ ಬೆಳಗ್ಗೆ ತರಬೇತಿ ಮೇಡಂಗೆ ಫೋನು ಮಾಡಿದ. ಲಿವರನ್ನು ಒಂದಕ್ಕಿಳಿಸಿ, ನಿಲ್ಲಿಸಬೇಕಾದಾಗ ಬ್ರೇಕ್ ತುಳಿದರೆ ಎಷ್ಟು ನಷ್ಟ ಎಂದು ಕೇಳಿದ.

"ನಷ್ಟ ಎಲ್ಲಿಂದಣ್ಣ? ಬ್ರೇಕ್ ಪೆಡಲ್ಲನ್ನ ಮೆಲ್ಲಗೆ ಒತ್ತಿದರೂ ಮೊದಲು ಹಿಡಿಯೋದು ಮೋಟರೇ, ಕರೆಂಟು ಬ್ಯಾಟರಿಗೇ ಹೋಗುತ್ತೆ. ಗಟ್ಟಿಯಾಗಿ ತುಳಿದ್ರೆ ಮಾತ್ರ ನಿಜವಾದ ಬ್ರೇಕ್ ಕಚ್ಚೋದು. ಊರೊಳಗೆ ಒಂದಕ್ಕಿಟ್ರೂ ಅಷ್ಟೇ, ಮೂರಕ್ಕಿಟ್ರೂ ಹೆಚ್ಚುಕಮ್ಮಿ ಅಷ್ಟೇ. ಮೂರು ಇರೋದು ಉದ್ದ ಇಳಿಜಾರಿಗೆ. ರೋಗಿಗಳಿದ್ದಾಗ ಒಂದೇ ಇಟ್ಕೊಳ್ಳಿ, ಕುಲುಕಾಡುತ್ತೆ ಅಂತ ಅವತ್ತೇ ಬೋರ್ಡ್ ಮೇಲೆ ಬರೆದಿದ್ನಲ್ಲ?"

ಅವತ್ತು ಆ ಹೊತ್ತಿಗೆ ಅವನು ಗಾಡಿಯಲ್ಲಿ ಕೂತು ಲಿವರನ್ನು ಮೂರಕ್ಕೆ ತಳ್ಳುತ್ತಿದ್ದ. ಹಾಗೆಂದು ಮೇಡಂಗೆ ಹೇಗೆ ಹೇಳುವುದು? ಥ್ಯಾಂಕ್ಸ್ ಹೇಳಿ ಫೋನಿಟ್ಟ. ಅವತ್ತೇ ಬೇರೆ ರೋಗಿಯನ್ನು ಕರೆತರುವಾಗ ಒಂದಕ್ಕಿಟ್ಟು, ಬ್ರೇಕನ್ನು ಹೂವಿನ ಮೇಲೆ ಕಾಲಿಟ್ಟಂತೆ ಒತ್ತಿ ನೋಡಿದ. ಸವಾರಿ ಮುಗಿಯಿತು. ಎಲೆಗಳು ಮೂಡಿದವು, ಮೊದಲು ಬರುತ್ತಿದ್ದಷ್ಟೇ. ಒಂದೆರಡಾದರೂ ಕಡಿಮೆ ಬಂದಿದ್ದರೆ, ಆ ಕುಲುಕಾಟದಿಂದ ಏನೋ ಒಂದು ಉಳಿದಿತ್ತು ಎಂದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದನೇನೋ. ಅದೂ ಇಲ್ಲ. ಒಂದು ಹನಿಯೂ ಹಾಳಾಗಬಾರದೆಂದು ಬದುಕಿದವನು ಒಂದು ಹನಿಯ ಲಾಭವೂ ಇಲ್ಲದೆ ಒಬ್ಬ ಮುದುಕಿಯನ್ನು ಗಾಡಿಯಿಂದ ಓಡಿಸಿದ್ದ.

ಗಾಡಿಯನ್ನು ಸೀದಾ ಟೈಲರಮ್ಮನ ಮನೆಗೆ ಬಿಟ್ಟ. ಬಾಗಿಲು ತೆಗೆದದ್ದು ತಂಗಿ.

"ಓಹೋ, ಸಾಹೇಬರು! ಏನು, ದಾರಿ ತಪ್ಪಿತಾ?"

"ಅಮ್ಮ ಹೇಗಿದಾರೆ? ಕರ್ಕೊಂಡ್ ಹೋಗೋಕೆ ಬಂದೆ."

"ಈಗ ಬಂದ್ಯಾ? ಪಾದ ನೋಡು ಬಾ, ಚಪ್ಪಲಿ ಹತ್ತಲ್ಲ. ಮಲಗಿದ್ರೆ ಉಸಿರು ಬರಲ್ಲ ಅಂತ ಕುರ್ಚೀಲೇ ಕೂತು ನಿದ್ದೆ ಮಾಡ್ತಾಳೆ. ಆಸ್ಪತ್ರೆಗೆ ಹೋಗೋಣ ಅಂದ್ರೆ ಬಸ್ ಹತ್ತೋಕಾಗಲ್ಲ, ನಿನ್ನ ಗಾಡಿ ಕರೆಯೋಣ ಅಂದ್ರೆ ಬೇಡವೇ ಬೇಡ ಅಂತಾಳೆ. ಏನಂದೆ ನೀನು ನಮ್ಮಕ್ಕನಿಗೆ? ಬೊಗಳು!"

ಬೆಲೆಬಾಳುವ ಬಟ್ಟೆಯ ತುಂಡುಗಳು, ದಾರದ ಉಂಡೆಗಳು, ಮುಚ್ಚಿಟ್ಟ ಹೊಲಿಗೆ ಯಂತ್ರ ಇದ್ದ ಚಿಕ್ಕ ಕೋಣೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಟೈಲರಮ್ಮ ಕೂತಿದ್ದರು. ಮುಖ ಊದಿ ಕಣ್ಣು ಸಣ್ಣದಾಗಿತ್ತು. ಅವನನ್ನು ನೋಡಿ ಅವರಿಗೆ ಕೋಪ ಬರಲಿಲ್ಲ, ನಾಚಿಕೆಯಾಯಿತು. ಎದ್ದು ನಿಲ್ಲಲು ನೋಡಿದರು.

"ನಿನಗ್ಯಾಕಪ್ಪಾ ತೊಂದರೆ" ಎಂದರು. "ನಾನು ಬಸ್ಸಲ್ಲಿ..."

"ಅಮ್ಮಾ, ಯಾಕೆ ಗಾಡಿ ಬೇಡ ಅಂದ್ರಿ? ನಿಜ ಹೇಳಿ."

ಅವರು ಎರಡೆರಡು ಮಾತಿಗೊಮ್ಮೆ ನಿಂತು ನಿಂತು ಹೇಳಿದರು. "ನಾನು ಬಾಯಿ ತೆಗೆದಾಗಲೆಲ್ಲ ನೀನು ಗಾಡಿನ ಗಕ್ ಅಂತ ಹಿಡೀತಿದ್ದೆ. ಮೊದಲೆಲ್ಲ ಹಾಗೆ ಮಾಡ್ತಿರ್ಲಿಲ್ಲ. ಈ ಮುದುಕಿ ಕೊರೆತ ಸಾಕಾಗಿದೆ ಅಂತ ಅರ್ಥ ಮಾಡ್ಕೊಂಡೆ. ಹಿಂದೆ ಹೋಗಿ ಕೂತೆ. ಬಾಯಿ ಮುಚ್ಕೊಂಡೆ. ಆಗಲೂ ಹಿಡೀತಿದ್ದೆ. ಓಹೋ, ಮಾತಲ್ಲ, ನಾನು ಬರೋದೇ ಇವನಿಗೆ ಬೇಡ ಅಂದ್ಕೊಂಡೆ. ಬಾಯಿಬಿಟ್ಟು ಹೇಳೋಕೆ ಸಂಕೋಚ ನಿನಗೆ. ಒಳ್ಳೆಯವನಲ್ವಾ ನೀನು."

ಒಳ್ಳೆಯವನು! ಆ ಮಾತು ಅವನಿಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಆದರೂ ಮನುಷ್ಯನ ಬುದ್ಧಿ ನೋಡಿ, ಬಾಯಿಂದ ಮೊದಲು ಬಂದದ್ದು ಸುಳ್ಳೇ. "ಗಾಡೀದಮ್ಮಾ ಅದು. ಹೊಸ ಗಾಡಿ, ಸ್ವಲ್ಪ ಕುಲುಕುತ್ತೆ..."

"ಗಾಡಿ ತಾನೇ ಕುಲುಕುತ್ತಾ, ಕುಲುಕಿಸೋರು ಇರ್ತಾರಾ?" ಎಂದಳು ತಂಗಿ.

ಅವನು ನೆಲದ ಮೇಲೆ ಕೂತುಬಿಟ್ಟ. ಲಿವರಿನ ವಿಷಯ, ಎಲೆಯ ವಿಷಯ, ಬೋರ್ಡಿನ ಮೇಲಿನ ಫೋಟೋ, ಎಲ್ಲ ಹೇಳಿದ. ನೀವು ಗಾಡಿ ಬೇಡ ಎಂದಾಗ ನಿಮ್ಮ ಬೀದಿ ತಪ್ಪಿತು ಎಂದು ಖುಷಿಪಟ್ಟೆ ಎನ್ನುವುದನ್ನೂ ಹೇಳಿದ. ಅದನ್ನು ಹೇಳುವಾಗ ತಲೆ ಎತ್ತಲಾಗಲಿಲ್ಲ.

"ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ" ಎಂದಳು ತಂಗಿ.

ಟೈಲರಮ್ಮ, "ಎಲೆ ಅಂದ್ರೆ ಏನಪ್ಪಾ? ಅದರಿಂದ ಏನು ಬರುತ್ತೆ?" ಎಂದರು.

"ಏನೂ ಬರಲ್ಲಮ್ಮಾ. ಬರೀ ಚಿತ್ರ."

"ಅಂದ್ರೆ ನನ್ನ ಮೇಲೆ ಕೋಪ ಇರ್ಲಿಲ್ಲ?"

"ದೇವರಾಣೆಗೂ ಇರ್ಲಿಲ್ಲಮ್ಮಾ."

ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ತಂಗಿ ಬೆನ್ನು ನೀವಿದಳು. "ಅಯ್ಯೋ ಪೆದ್ದಿ ನಾನು" ಎಂದು ಏದುಸಿರಿನಲ್ಲೇ ತಮ್ಮನ್ನು ಬೈದುಕೊಂಡರು. ಇವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವನೂ ತಂಗಿಯೂ ಸೇರಿ ಅವರನ್ನು ಕುರ್ಚಿ ಸಮೇತ ಎತ್ತಿ ಗಾಡಿಗೆ ತಂದರು. ಅವತ್ತು ಆ ಬೀದಿಯ ಒಂದೊಂದು ಉಬ್ಬನ್ನೂ ಹನಿಯಣ್ಣ ಮೈಯೆಲ್ಲ ಕಣ್ಣಾಗಿ ದಾಟಿದ. ಬೇಗ ಹೋಗಬೇಕು, ಕುಲುಕಬಾರದು. ಎರಡೂ ಒಟ್ಟಿಗೆ ಆಗುವುದಿಲ್ಲ. ಹಿಂದಿನ ಸೀಟಿನಿಂದ ಅವರ ಉಸಿರಿನ ಸದ್ದು ಕೇಳುತ್ತಿತ್ತು, ಅದು ಕೇಳಿಸದಿದ್ದಾಗ ಅವನು ಕನ್ನಡಿಯಲ್ಲಿ ಅವರ ಮುಖ ನೋಡುತ್ತಿದ್ದ.

ವಾರ್ಡಿನಲ್ಲಿ ನರ್ಸು ಟೈಲರಮ್ಮನ ಕಾಲು ಒತ್ತಿ ನೋಡಿ, "ಯಾಕಮ್ಮಾ ಹೀಗೆ ಮಾಡ್ಕೊಂಡ್ರಿ? ಈ ಸ್ಥಿತಿಗೆ ಬರೋವರೆಗೂ ಯಾರೂ ನೋಡ್ಲಿಲ್ವಾ?" ಎಂದು ರೇಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಹನಿಯಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಟೈಲರಮ್ಮ, "ನಂದೇ ಹಠ ಸಿಸ್ಟರ್" ಎಂದರು. ತ್ರಾಣವಿಲ್ಲದ ದನಿಯಲ್ಲೂ ಅವನನ್ನು ಕಾಪಾಡಲು ನೋಡಿದರು. ಆಗ ಅವನಿಗೆ ತಡೆಯಲಾಗಲಿಲ್ಲ.

"ಹಠ ಅಲ್ಲ ಸಿಸ್ಟರ್. ನಾನು ಗಾಡಿ ಓಡಿಸಿದ ರೀತಿಗೆ ಅವರು ಬರೋದು ಬಿಟ್ಟಿದ್ದು. ಅವತ್ತು ನಿಮಗೆ ಹಠ ಅಂದಿದ್ದು ಸುಳ್ಳು."

ನರ್ಸಿಗೆ ಅದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ. ಮಂಚ ತಳ್ಳಿಕೊಂಡು ಒಳಗೆ ಹೋದರು. ಶ್ವಾಸಕೋಶದಲ್ಲಿ ನೀರು ತುಂಬಿದೆ, ಹೃದಯಕ್ಕೆ ಬಹಳ ದಿನದಿಂದ ಭಾರ ಬಿದ್ದಿದೆ ಎಂದರು ಡಾಕ್ಟರು. ತಂಗಿ ಮತ್ತು ಅವನು ಹೊರಗಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತರು. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ.

ಟೈಲರಮ್ಮ ಬದುಕಿಕೊಂಡರು. ಅಷ್ಟರಮಟ್ಟಿಗೆ ಪುಣ್ಯ. ಅವರು ವಾರ್ಡಿನಲ್ಲಿದ್ದ ದಿನಗಳಲ್ಲಿ ಹನಿಯಣ್ಣ ಬೋರ್ಡಿನ ಮೇಲಿದ್ದ ತನ್ನ ಫೋಟೋ ಕಿತ್ತು ಹಾಕಿದ. ಶೆಡ್ಡಿನ ಡ್ರೈವರುಗಳನ್ನು ಒಬ್ಬೊಬ್ಬರನ್ನಾಗಿ ಹಿಂದಿನ ಸೀಟಿನಲ್ಲಿ ಕೂರಿಸಿ, ಮೂರಕ್ಕಿಟ್ಟು ಊರು ಸುತ್ತಿಸಿದ. ಕನ್ನಡಕ ಅರ್ಧ ದಾರಿಗೇ, "ಸಾಕು ಗುರುವೇ, ತಪ್ಪಾಯ್ತು" ಎಂದು ಹೊಟ್ಟೆ ಹಿಡಿದುಕೊಂಡ. ಎಲ್ಲರೂ ಒಂದಕ್ಕೆ ಇಳಿಸಿದರು. ನೀವು ಬೇಕಂತ ಮಾಡಿದ್ದಲ್ಲವಲ್ಲ ಎಂದು ಹೆಂಡತಿ ಸಮಾಧಾನ ಹೇಳಿದಳು. ಹೌದು, ಬೇಕಂತ ಮಾಡಿದ್ದಲ್ಲ. ಆದರೆ ಅನುಭವಿಸಿದವರಿಗೆ ಅದರಿಂದ ಏನಾದರೂ ಕಡಿಮೆಯಾಗುತ್ತದೆಯೇ?

ಮನೆಗೆ ಕಳಿಸುವ ದಿನ ಟೈಲರಮ್ಮ ತಾವಾಗಿಯೇ ಮುಂದಿನ ಸೀಟಿನಲ್ಲಿ ಕೂತರು. ಹನಿಯಣ್ಣನ ಮುಖ ಅರಳಿತು. ಬೆಲ್ಟು ಹಾಕಿ, ದಿಂಬು ಇಟ್ಟು ಹೊರಟ. ಸಿಗ್ನಲ್ಲಿನಲ್ಲಿ ಗಾಡಿ ನಿಂತದ್ದು ಗೊತ್ತೇ ಆಗದ ಹಾಗೆ ನಿಂತಿತು. ಅವನು ಕಾದ. ಅವರು ಮಾತು ತೆಗೆಯಲಿಲ್ಲ. ಶಾಲೆ ದಾಟಿತು, ಮಾರುಕಟ್ಟೆ ದಾಟಿತು, ಉಬ್ಬುಗಳ ಬೀದಿಯೂ ಬಂತು. ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಅಮ್ಮಾ, ಇನ್ನೂ ನನ್ನ ಮೇಲೆ ಬೇಜಾರಾ? ಏನಾದ್ರೂ ಮಾತಾಡಿ. ನಿಮಗೆಷ್ಟು ಬೇಕೋ ಅಷ್ಟು ಮಾತಾಡಿ. ನಾನು ಕೇಳ್ತೀನಿ."

ಟೈಲರಮ್ಮ ಅವನ ಕಡೆ ತಿರುಗಿ, ತೋಳಿನ ಮೇಲೆ ಕೈಯಿಟ್ಟರು. ಒಂದೊಂದು ಮಾತಿಗೂ ಮಧ್ಯೆ ಕಾಯಬೇಕಾಯಿತು.

"ಬೇಜಾರಿಲ್ಲಪ್ಪಾ. ಮಾತಾಡೋಕೆ... ಉಸಿರು ಬೇಕಲ್ಲ."